ಮರುಕ ಮತ್ತು ಕೊರಗು: ದೂರದ ದುರಂತಗಳ ಭಾರ ಹೊತ್ತ ಒಬ್ಬ ತಂದೆಯ ಪ್ರಕರಣ

ಒಂದು ಸಂಜೆ, ಆಟಕ್ಕೆ ಹೋಗಿದ್ದ 9 ವರ್ಷದ ಮಗಳು ಮೊಣಕಾಲು ತರಚಿಕೊಂಡು ಅಳುತ್ತಾ ಒಳಗೆ ಬಂದಳು. ಸೋಫಾದ ಅಂಚಿನಲ್ಲಿ ಕುಳಿತು ಮೊಬೈಲ್‌ನಲ್ಲಿ ಯುದ್ಧದ ವಿಡಿಯೊ ನೋಡುತ್ತಿದ್ದ ತಂದೆ ತಲೆಯನ್ನೂ ಎತ್ತದೆ, "ಅಲ್ಲಿ ಮಕ್ಕಳು ಕಾಲುಗಳನ್ನೇ ಕಳೆದುಕೊಳ್ಳುತ್ತಿದ್ದಾರೆ, ನೀನು ಇಷ್ಟಕ್ಕೆಲ್ಲ ಅಳುತ್ತೀಯಲ್ಲ" ಎಂದರು. ಹುಡುಗಿ ತಟ್ಟನೆ ಅಳು ನುಂಗಿಕೊಂಡು, ತಪ್ಪು ಮಾಡಿದವಳಂತೆ ಬಚ್ಚಲಿಗೆ ಹೋಗಿ ಗಾಯವನ್ನು ತಾನೇ ತೊಳೆದುಕೊಂಡಳು. ನಲ್ಲಿಯ ಸದ್ದು ಕಿವಿಗೆ ಬಿದ್ದ ಮೇಲಷ್ಟೇ ತಾವು ಆಡಿದ ಮಾತು ಎಂಥದೆಂಬುದು ತಂದೆಗೆ ಹೊಳೆಯಿತು. ನಾಲ್ಕು ದಿನಗಳ ನಂತರ ಅವರು ಆಪ್ತಸಮಾಲೋಚನೆಗೆ ಸಮಯ ಕೇಳಿ ಕರೆ ಮಾಡಿದರು.

ಅವರಿಗೆ 41 ವರ್ಷ. ಕಚೇರಿಯೊಂದರಲ್ಲಿ ಲೆಕ್ಕಪತ್ರಗಳನ್ನು ಪರಿಶೀಲಿಸುವ ಕೆಲಸ. ಗುರುತು ಸಿಗದಿರಲೆಂದು ವಿವರಗಳನ್ನು ಬದಲಿಸಿದ್ದೇನೆ; ಇದೇ ಬಗೆಯ ತೊಂದರೆ ಹೊತ್ತು ಬಂದ ಇನ್ನು ಕೆಲವರ ಅನುಭವಗಳನ್ನೂ ಇವರೊಬ್ಬರ ಕಥೆಯಲ್ಲೇ ಹೆಣೆದಿದ್ದೇನೆ. ಆದ್ದರಿಂದ ಇದನ್ನು ಒಬ್ಬ ವ್ಯಕ್ತಿಯ ಚರಿತ್ರೆ ಎಂದು ಓದುವುದಕ್ಕಿಂತ ಒಂದು ಸ್ಥಿತಿಯ ವಿವರಣೆ ಎಂದು ಓದುವುದೇ ಸರಿ. ಮೊದಲ ಭೇಟಿಯಲ್ಲಿ ಅವರು ಹೇಳಿದ ಒಂದು ಮಾತನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ. ಏನಾಗಿದೆ ಎಂದು ಕೇಳಿದಾಗ ಅವರು, "ನನಗೆ ಏನೂ ಆಗಿಲ್ಲ. ಆಗಿರುವುದೆಲ್ಲ ಅವರಿಗೆ" ಎಂದರು.

ಹಿನ್ನೆಲೆ

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಬಣ್ಣಿಸಿದ ದಿನಗಳಲ್ಲಿ ಅವರಿಗೆ ಒಂದು ಅಭ್ಯಾಸ ಅಂಟಿಕೊಂಡಿತು. ಮಲಗುವ ಮುನ್ನ ಆ ದಿನದ ಸಾವಿನ ಸಂಖ್ಯೆಯನ್ನು ನೋಡುವುದು, ನಿನ್ನೆಯದರೊಂದಿಗೆ ತಾಳೆ ಹಾಕುವುದು. ಲೆಕ್ಕದ ಮನುಷ್ಯನಿಗೆ ಇದು ಸಹಜವೂ ಆಗಿತ್ತು. ಸಾಂಕ್ರಾಮಿಕ ಇಳಿಯಿತು, ಅಭ್ಯಾಸ ಇಳಿಯಲಿಲ್ಲ. ಅದಕ್ಕೆ ಹೊಸ ವಸ್ತುಗಳು ಸಿಗುತ್ತಲೇ ಹೋದವು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಮೇಲೆ ರಷ್ಯಾದ ಪೂರ್ಣ ಪ್ರಮಾಣದ ಆಕ್ರಮಣ, 2023ರ ಫೆಬ್ರುವರಿ 6ರಂದು ಟರ್ಕಿ ಮತ್ತು ಸಿರಿಯಾದ ಭೂಕಂಪ, ಅದೇ ವರ್ಷದ ಅಕ್ಟೋಬರ್‌ನಿಂದ ಗಾಜಾ, ಇವುಗಳ ನಡುನಡುವೆ ಕಾಳ್ಗಿಚ್ಚು, ನೆರೆ, ಬಿಸಿಗಾಳಿ. ಅಂಕಿಗಳ ಜಾಗಕ್ಕೆ ಕ್ರಮೇಣ ವಿಡಿಯೊಗಳು ಬಂದವು.

ರಾತ್ರಿ ಹೊತ್ತು ಅವರು ನೋಡುತ್ತಿದ್ದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಪತ್ನಿಗೆ ಎಚ್ಚರವಾಗಬಾರದೆಂದು ಪರದೆಯ ಬೆಳಕನ್ನು ತೀರಾ ತಗ್ಗಿಸಿ, ಹೊದಿಕೆಯೊಳಗೆ ಮೊಬೈಲ್ ಹಿಡಿದು, ಮಗಳು ಎದ್ದರೆ ಕೇಳಿಸಲೆಂದು ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡುತ್ತಿದ್ದರು. ಒಂದು ಗಂಟೆ, ಕೆಲವೊಮ್ಮೆ ಎರಡೂವರೆಯವರೆಗೆ. ಬೆಳಿಗ್ಗೆ ಏಳುವಾಗ ಹಲ್ಲು ಕಚ್ಚಿ ಮಲಗಿದ್ದರಿಂದ ದವಡೆ ನೋಯುತ್ತಿತ್ತು. ಕಚೇರಿಯಲ್ಲಿ ಒಂದೇ ಸಾಲನ್ನು ಎರಡು ಬಾರಿ ಕೂಡಿಸುವಂಥ, ಹಿಂದೆಂದೂ ಮಾಡದ ತಪ್ಪುಗಳು ಶುರುವಾದವು. ಗೆಳೆಯರ ಜೊತೆ ನಗುವುದು ಅಪರಾಧವೆನಿಸಿ ಅವರನ್ನು ಭೇಟಿಯಾಗುವುದನ್ನೇ ಬಿಟ್ಟರು. ನಡುರಾತ್ರಿ ಕಣ್ಣೀರಿನಲ್ಲಿ ಬೇರೆಬೇರೆ ನಿಧಿಗಳಿಗೆ ಹಣ ಕಳುಹಿಸುತ್ತಿದ್ದರು. ಕಳುಹಿಸಿದ ಮರುಕ್ಷಣವೇ ಇನ್ನೂ ಸಂಗ್ರಹವಾಗಬೇಕಾದ ಮೊತ್ತ ಕಣ್ಣಿಗೆ ಬಿದ್ದು, ತಮ್ಮದು ಲೆಕ್ಕಕ್ಕೇ ಬರುವುದಿಲ್ಲ ಎನಿಸುತ್ತಿತ್ತು.

ಪತ್ನಿಯನ್ನು ಎರಡನೆಯ ಭೇಟಿಗೆ ಕರೆದಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದು ನಂತರ ಹೇಳಿದರು: "ಇವರ ಕರುಣೆಗೆ ನಾನು ಅಡ್ಡ ಬಂದವಳಲ್ಲ. ಆದರೆ ಇವರು ಪ್ರಪಂಚಕ್ಕಾಗಿ ಅಳುತ್ತಿದ್ದ ಎರಡು ವರ್ಷ, ಮಗಳ ಹೋಮ್‌ವರ್ಕ್, ನಮ್ಮತ್ತೆಯ ಔಷಧಿ, ಮನೆಯ ಬಿಲ್ಲುಗಳು, ಎಲ್ಲವನ್ನೂ ನಾನೊಬ್ಬಳೇ ನೋಡಿಕೊಂಡೆ." ಗಂಡ ತಲೆ ತಗ್ಗಿಸಿದರು. ತಾಯಿಯ ಔಷಧಿಯ ವಿಷಯ ಅವರ ನೆನಪಿನಲ್ಲೇ ಇರಲಿಲ್ಲ.

ಸ್ಥಿತಿಯ ಅಂದಾಜು

ದೈಹಿಕ ಕಾರಣಗಳನ್ನು ತಳ್ಳಿಹಾಕಲು ವೈದ್ಯರಲ್ಲಿಗೆ ಕಳುಹಿಸಿದೆ. ಖಿನ್ನತೆಯ ಹಿಂದಿನ ಇತಿಹಾಸ ಮತ್ತು ಬದುಕು ಬೇಡವೆನಿಸುವ ಯೋಚನೆಗಳ ಬಗ್ಗೆ ನೇರವಾಗಿಯೇ ಕೇಳಿದೆ. ಎರಡೂ ಇರಲಿಲ್ಲ. ಇದ್ದಿದ್ದರೆ ಈ ಪ್ರಕರಣ ಬೇರೆ ದಾರಿ ಹಿಡಿಯಬೇಕಿತ್ತು, ಮನೋವೈದ್ಯರ ನೆರವು ಮೊದಲು ಬರಬೇಕಿತ್ತು. ನಾನು ಇದಕ್ಕೆ ಯಾವ ಕಾಯಿಲೆಯ ಹೆಸರನ್ನೂ ಕೊಡಲಿಲ್ಲ. ಭೀಕರವಾದದ್ದನ್ನು ಕಂಡು ಸಂಕಟಪಡುವುದು ಕಾಯಿಲೆಯಲ್ಲ. ಆದರೆ ಪರದೆಯ ಮೂಲಕ ಕಂಡದ್ದು ದೇಹಕ್ಕೆ ತಟ್ಟುವುದಿಲ್ಲ ಎಂದು ಭಾವಿಸುವುದೂ ತಪ್ಪು. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸ್ಫೋಟವಾದ ನಂತರ ಅಮೆರಿಕದ ಸಂಶೋಧಕರು 4,600ಕ್ಕೂ ಹೆಚ್ಚು ಜನರನ್ನು ವಿಚಾರಿಸಿದಾಗ, ಆ ವಾರ ದಿನಕ್ಕೆ 6 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಅದರ ಸುದ್ದಿಯಲ್ಲೇ ಮುಳುಗಿದ್ದವರು, ಸ್ಫೋಟದ ಸ್ಥಳದಲ್ಲೇ ಅಥವಾ ಅದರ ಸಮೀಪ ಇದ್ದವರಿಗಿಂತ ಹೆಚ್ಚು ತೀವ್ರವಾದ ಒತ್ತಡದ ಲಕ್ಷಣಗಳನ್ನು ಹೇಳಿಕೊಂಡಿದ್ದರು. ಮೊದಲೇ ಕಳವಳಗೊಂಡವರೇ ಹೆಚ್ಚು ನೋಡಿರಲೂಬಹುದು ಎಂಬ ಅನುಮಾನಕ್ಕೆ ಎಡೆಯಿದೆ, ನಿಜ. ಆದರೂ ನೋಟ ಮತ್ತು ಕಳವಳ ಒಂದನ್ನೊಂದು ಬೆಳೆಸುತ್ತವೆ ಎಂಬುದಕ್ಕೆ ಈ ಮನುಷ್ಯನ ದವಡೆಯೇ ಸಾಕ್ಷಿಯಾಗಿತ್ತು.

ನಾನು ಮಾಡಿದ ತಪ್ಪು

ಎಲ್ಲರೂ ಕೊಡುವ ಸಲಹೆಯನ್ನೇ ನಾನೂ ಕೊಟ್ಟೆ: ಎರಡು ವಾರ ಸುದ್ದಿಯನ್ನೇ ನೋಡಬೇಡಿ. ಅವರು ಶಿಸ್ತಿನ ಮನುಷ್ಯ, ಹನ್ನೊಂದು ದಿನ ಪಾಲಿಸಿದರು. ನಿದ್ದೆ ಸುಧಾರಿಸಿತು, ಮನಸ್ಸು ಕುಸಿಯಿತು. "ಕಣ್ಣು ಮುಚ್ಚಿಕೊಳ್ಳುವ ಅನುಕೂಲ ನನಗಿದೆ, ಅವರಿಗಿಲ್ಲ. ಆ ಅನುಕೂಲವನ್ನು ಬಳಸಿಕೊಂಡೆ" ಎಂದು ಅವರು ಹೇಳಿದ್ದು ತಪ್ಪೊಪ್ಪಿಗೆಯ ಧ್ವನಿಯಲ್ಲಿ. ಹನ್ನೆರಡನೆಯ ರಾತ್ರಿ, ಬಾಕಿ ತೀರಿಸುವವರಂತೆ ಸತತ ನಾಲ್ಕು ಗಂಟೆ ಕೂತು ಹನ್ನೊಂದು ದಿನಗಳದ್ದನ್ನೂ ನೋಡಿದ್ದರು.

ನಾನು ಗಮನಿಸದೆ ಹೋಗಿದ್ದು ಇಷ್ಟು. ನೋಡುವುದು ಅವರ ಪಾಲಿಗೆ ಚಟವಾಗಿರಲಿಲ್ಲ, ಹೊಣೆಯಾಗಿತ್ತು. ಯಾರಾದರೂ ನೋಡುತ್ತಿರಬೇಕು, ಸಾಕ್ಷಿಯಾಗಿರಬೇಕು ಎಂಬ ಭಾವ ಅದರ ಹಿಂದಿತ್ತು. ಅವರ ಕರುಣೆಗೆ ಇದ್ದ ಒಂದೇ ರೂಪ ಅದು. ಬೇರೆ ರೂಪ ಕೊಡದೆ ಅದನ್ನು ಕಿತ್ತುಕೊಂಡರೆ ಉಳಿಯುವುದು ತಪ್ಪಿತಸ್ಥ ಭಾವ ಮಾತ್ರ. ಮೊಬೈಲ್ ಬದಿಗಿಡಿ ಎಂಬ ಸಲಹೆ ಅದಕ್ಕೇ ಇಷ್ಟೊಂದು ಜನರಲ್ಲಿ ವಿಫಲವಾಗುತ್ತದೆ ಎಂದು ಈಗ ನನಗೆ ಅನ್ನಿಸುತ್ತದೆ.

ಮರುಕ ಬೇರೆ, ಕೊರಗು ಬೇರೆ

ನಾಲ್ಕನೆಯ ಭೇಟಿಯಲ್ಲಿ, ಮರೆಯಲಾಗದ ಒಂದು ವಿಡಿಯೊವನ್ನು ವಿವರಿಸಲು ಕೇಳಿದೆ. ಭೂಕಂಪದ ನಂತರ ಒಬ್ಬ ಗಂಡಸು ಕುಸಿದ ಕಟ್ಟಡದ ಅವಶೇಷಗಳನ್ನು ಕೈಯಿಂದ ಬಗೆಯುತ್ತಿದ್ದ ದೃಶ್ಯ ಅದು. ಅವನ ಒಂದು ಕೈಗೆ ಮಾತ್ರ ನೀಲಿ ಗವಸಿತ್ತು, ಇನ್ನೊಂದು ಬರಿಗೈ. ಇಷ್ಟು ಹೇಳಿ ಅವರು ನಿಲ್ಲಿಸಿದರು. ಆಮೇಲೆ ಆ ಮನುಷ್ಯ ಏನು ಮಾಡಿದ, ಯಾರಾದರೂ ಜೊತೆಗಿದ್ದರೇ, ಹೊರಗೆ ಯಾರನ್ನಾದರೂ ತೆಗೆದನೇ, ಒಂದೂ ನೆನಪಿರಲಿಲ್ಲ. ಗವಸನ್ನು ಕಂಡ ಮೇಲೆ ನಿಮ್ಮ ಮನಸ್ಸು ಎಲ್ಲಿಗೆ ಹೋಯಿತು ಎಂದು ಕೇಳಿದೆ. "ಕೆಳಗೆ ನನ್ನ ಮಗಳಿದ್ದಿದ್ದರೆ ಅಂತ" ಎಂದರು. ಅಂದರೆ ಕೆಲವೇ ಕ್ಷಣಗಳಲ್ಲಿ ಅವರು ಆ ಮನುಷ್ಯನನ್ನು ಅಲ್ಲೇ ಬಿಟ್ಟು ತಮ್ಮ ಮನೆಗೆ ಮರಳಿದ್ದರು. ಅಲ್ಲಿಂದ ಮುಂದಿನ ಎರಡು ನಿಮಿಷ ಅವರು ನೋಡಿದ್ದು ತಮ್ಮದೇ ಭಯವನ್ನು.

ಮನಶ್ಶಾಸ್ತ್ರಜ್ಞ ಡೇನಿಯಲ್ ಬ್ಯಾಟ್ಸನ್ ದಶಕಗಳ ಕಾಲ ಬೆನ್ನುಹತ್ತಿದ್ದು ಈ ಅಂತರವನ್ನೇ. ಇನ್ನೊಬ್ಬರ ನೋವನ್ನು ಕಂಡಾಗ ನಮ್ಮಲ್ಲಿ ಹುಟ್ಟುವುದು ಅವರ ಬಗೆಗಿನ ಕಾಳಜಿಯೂ ಆಗಿರಬಹುದು, ನಮ್ಮದೇ ಸಂಕಟವೂ ಆಗಿರಬಹುದು. ಸಂಕಟ ಮೇಲುಗೈ ಪಡೆದವರು ತಪ್ಪಿಸಿಕೊಳ್ಳಲು ಸುಲಭದ ದಾರಿಯಿದ್ದರೆ ಹೆಚ್ಚಾಗಿ ಅದನ್ನೇ ಹಿಡಿಯುತ್ತಾರೆ. ಕಾಳಜಿ ಮೇಲುಗೈ ಪಡೆದವರು ದಾರಿಯಿದ್ದರೂ ನೆರವಿಗೆ ನಿಲ್ಲುತ್ತಾರೆ. ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿದ್ದ ಟಾನಿಯಾ ಸಿಂಗರ್ ಮತ್ತು ಅವರ ಸಹೋದ್ಯೋಗಿ ಓಲ್ಗಾ ಕ್ಲಿಮೆಕಿ ಇದನ್ನು ತರಬೇತಿಯ ಮೂಲಕ ಪರೀಕ್ಷಿಸಿದರು. ಸುದ್ದಿ ಮತ್ತು ಸಾಕ್ಷ್ಯಚಿತ್ರಗಳಿಂದ ಆಯ್ದ ನೋವಿನ ದೃಶ್ಯಗಳನ್ನು ತೋರಿಸಿದಾಗ, ಇನ್ನೊಬ್ಬರ ನೋವನ್ನು ತಮ್ಮದಾಗಿಸಿಕೊಂಡು ಅನುಭವಿಸಲು ಮಾತ್ರ ತರಬೇತಿ ಪಡೆದವರಲ್ಲಿ ಬೇಸರ, ಸಂಕಟಗಳು ಹೆಚ್ಚಿದವು. ಅದೇ ಜನರಿಗೆ ಆಮೇಲೆ ಒಳಿತನ್ನು ಹಾರೈಸುವ ಕರುಣೆಯ ತರಬೇತಿ ಕೊಟ್ಟಾಗ ಆ ಏರಿಕೆ ಇಳಿದು, ಬೆಚ್ಚಗಿನ ಭಾವಗಳು ಹೆಚ್ಚಿದವು. ಮಿದುಳಿನಲ್ಲಿ ಚುರುಕಾದ ಭಾಗಗಳೂ ಬೇರೆಬೇರೆಯಾಗಿದ್ದವು. ನಾವು 'ಕರುಣೆಯ ದಣಿವು' ಎಂದು ಕರೆಯುವುದು ವಾಸ್ತವವಾಗಿ ಸಂಕಟದ ದಣಿವು, ಕರುಣೆಯದಲ್ಲ ಎಂಬುದು ಅವರ ವಾದ.

ಇದನ್ನೆಲ್ಲ ಅವರಿಗೆ ಹೇಳುವಾಗ ಪಾರಿಭಾಷಿಕ ಪದಗಳು ತೊಡಕಾದವು. ನಮ್ಮ ಭಾಷೆಯಲ್ಲಿ ಆಗಲೇ ಇದ್ದ ಎರಡು ಪದಗಳೇ ನೆರವಿಗೆ ಬಂದವು. ಮರುಗುವವನ ಕಣ್ಣು ನೊಂದವನ ಮೇಲಿರುತ್ತದೆ. ಕೊರಗುವವನ ಕಣ್ಣು ಒಳಗೆ ತಿರುಗಿರುತ್ತದೆ. ಒಬ್ಬರಿಗಾಗಿ ಮರುಗಿ ಸವೆದುಹೋದರು ಎಂದು ಯಾರೂ ಹೇಳುವುದಿಲ್ಲ, ಕೊರಗಿ ಕೊರಗಿ ಸೊರಗಿದರು ಎಂದೇ ಹೇಳುವುದು. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ನಾನು ಎರಡು ವರ್ಷದಿಂದ ಕೊರಗುತ್ತಾ ಇದ್ದೆ" ಎಂದರು. ಬೈಸಿಕೊಂಡವರ ಧ್ವನಿಯಾಗಿರಲಿಲ್ಲ ಅದು; ಜಮಾ ಮತ್ತು ಖರ್ಚಿನ ಕಾಲಮ್ಮುಗಳು ಅದಲುಬದಲಾಗಿದ್ದನ್ನು ಪತ್ತೆಹಚ್ಚಿದವರ ಧ್ವನಿಯಾಗಿತ್ತು.

ನಾವು ನೀಲಿ ಗವಸಿನ ಮನುಷ್ಯನ ಬಳಿಗೆ ಮರಳಿದೆವು. ಆ ಗಳಿಗೆಯಲ್ಲಿ ಅವನಿಗೆ ಏನು ಬೇಕಿತ್ತು ಎಂದು ಕೇಳಿದೆ. ಇನ್ನೊಂದು ಗವಸು, ಎಂದರು. ಆಮೇಲೆ ಬೆಳಕು. ಕುಡಿಯಲು ನೀರು. ಒಂದರ್ಧ ಗಂಟೆ ಅವನ ಬದಲು ಬಗೆಯಲು ಇನ್ನೊಬ್ಬರು. ಕಾಂಕ್ರೀಟ್ ಎತ್ತುವ ಯಂತ್ರ. ಹೀಗೆ ಹೇಳುತ್ತಾ ಹೋದಂತೆ ಅವರ ಬಿಗಿದ ಭುಜಗಳು ಸಡಿಲವಾದವು, ಉಸಿರು ನಿಧಾನವಾಯಿತು. ದುಃಖ ಕಡಿಮೆಯಾಗಿರಲಿಲ್ಲ, ಕಣ್ಣಲ್ಲಿ ನೀರಿತ್ತು. ಆದರೆ ಈ ಸಲ ಅವರು ಆ ಮನುಷ್ಯನ ಪಕ್ಕದಲ್ಲೇ ನಿಂತಿದ್ದರು. ಮುಂದಿನ ವಾರಗಳಲ್ಲಿ ಮನೆಯಲ್ಲಿ ಮಾಡಲು ಕೊಟ್ಟ ಅಭ್ಯಾಸವೂ ಇದೇ: ನೋಡಿದ ಸುದ್ದಿಯಲ್ಲಿ ಒಬ್ಬ ವ್ಯಕ್ತಿಗೆ ಏನು ಬೇಕಿತ್ತು ಎಂಬುದನ್ನು ಒಂದು ಸಾಲಿನಲ್ಲಿ ಬರೆಯಬೇಕು, ಅವರಿಗೆ ಒಳಿತಾಗಲಿ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳಬೇಕು, ಅಲ್ಲಿಗೆ ನಿಲ್ಲಿಸಬೇಕು.

ಲೆಕ್ಕದ ತೊಡಕು

ಉಳಿದದ್ದು ಸಂಖ್ಯೆಗಳ ಸಮಸ್ಯೆ. ಕೋಟ್ಯಂತರ ಜನರ ಮುಂದೆ ತಮ್ಮ ನೆರವು ಸೊನ್ನೆ ಎಂಬ ಭಾವನೆಯನ್ನು ಸಮಾಧಾನದ ಮಾತುಗಳಿಂದ ಅಳಿಸಲಾಗುವುದಿಲ್ಲ, ಅದರಲ್ಲೂ ಎದುರಿಗಿರುವವರು ಲೆಕ್ಕಪರಿಶೋಧಕರಾಗಿದ್ದರೆ. ಆದ್ದರಿಂದ ಈ ಭಾವನೆಯನ್ನೇ ಅಧ್ಯಯನ ಮಾಡಿದವರ ವಿಷಯ ತೆಗೆದೆ. ಹಸಿದ ಒಂದು ಮಗುವಿನ ಚಿತ್ರವನ್ನು ತೋರಿಸಿದಾಗ ಜನ ಕೊಡುತ್ತಿದ್ದ ಹಣ, ಅದೇ ಚಿತ್ರದ ಜೊತೆಗೆ ಲಕ್ಷಾಂತರ ಹಸಿದವರ ಅಂಕಿ ಅಂಶಗಳನ್ನು ಸೇರಿಸಿದಾಗ ಕಡಿಮೆಯಾಯಿತು ಎಂದು ಪಾಲ್ ಸ್ಲೋವಿಕ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ನೆರವಾಗಲು ಸಾಧ್ಯವಿಲ್ಲದವರ ನೆನಪು, ನೆರವಾಗಲು ಸಾಧ್ಯವಿರುವವರಿಗೆ ಕೊಡುವ ತೃಪ್ತಿಯನ್ನೇ ಕುಗ್ಗಿಸುತ್ತದೆ ಎಂಬುದು ಅದೇ ಗುಂಪಿನ ನಂತರದ ಪ್ರಯೋಗಗಳು ಕಂಡುಕೊಂಡ ಸಂಗತಿ. ನಡುರಾತ್ರಿ ಹಣ ಕಳುಹಿಸಿ ಬಾಕಿ ಮೊತ್ತ ನೋಡುತ್ತಿದ್ದಾಗ ಅವರಿಗೆ ಆಗುತ್ತಿದ್ದುದು ಇದೇ. ಯಾರಿಗೆ ತಲುಪಿತೋ ಅವರ ಪಾಲಿಗೆ ಅದು ಸೊನ್ನೆಯಾಗಿರಲಿಲ್ಲ.

ಆದರೆ ಅವರ ಮನಸ್ಸನ್ನು ತಿರುಗಿಸಿದ್ದು ಇನ್ನೊಂದು ಅಂಕಿ. 2015ರ ಸೆಪ್ಟೆಂಬರ್‌ನಲ್ಲಿ ಟರ್ಕಿಯ ಕಡಲತೀರದಲ್ಲಿ ಸತ್ತುಬಿದ್ದಿದ್ದ ಸಿರಿಯಾದ ಪುಟ್ಟ ಹುಡುಗನ ಚಿತ್ರ ಜಗತ್ತಿನಾದ್ಯಂತ ಹರಡಿತು. ಸಿರಿಯಾದ ನಿರಾಶ್ರಿತರಿಗಾಗಿ ಸ್ವೀಡನ್‌ನ ರೆಡ್‌ಕ್ರಾಸ್ ತೆರೆದಿದ್ದ ನಿಧಿಗೆ ಮರುವಾರ ಬಂದ ದೇಣಿಗೆಗಳ ಸಂಖ್ಯೆ ಹಿಂದಿನ ವಾರದ ನೂರು ಪಟ್ಟನ್ನೂ ಮೀರಿತು. ಸುಮಾರು ಆರು ವಾರಗಳಲ್ಲಿ ಆ ಅಲೆ ಇಳಿದುಹೋಯಿತು. ಅದೇ ಹೊತ್ತಿಗೆ ಪ್ರತಿ ತಿಂಗಳೂ ಕೊಡುತ್ತೇವೆಂದು ಹೆಸರು ನೋಂದಾಯಿಸಿದವರ ಸಂಖ್ಯೆ ಹತ್ತು ಪಟ್ಟಾಗಿತ್ತು, ಮತ್ತು ಅವರಲ್ಲಿ ಹಿಂದೆ ಸರಿದವರು ಮುಂದಿನ ತಿಂಗಳುಗಳಲ್ಲೂ ಇಲ್ಲವೆನ್ನುವಷ್ಟು ಕಡಿಮೆ. ಅವರು ಈ ಮಾತನ್ನು ನನ್ನಿಂದ ಎರಡು ಬಾರಿ ಹೇಳಿಸಿಕೊಂಡರು. "ಅಂದರೆ ಭಾವನೆ ಇಳಿಯುವುದು ಖಚಿತ, ಅದು ಇರುವಾಗಲೇ ಬರೆದಿಟ್ಟದ್ದು ಮಾತ್ರ ಉಳಿಯುತ್ತದೆ" ಎಂದರು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಒಂದೇ ಬಿಕ್ಕಟ್ಟನ್ನು ಆರಿಸಿಕೊಳ್ಳುವುದು, ಒಂದು ವರ್ಷದ ಮಟ್ಟಿಗೆ ಪ್ರತಿ ತಿಂಗಳ ಮೊದಲ ದಿನ ಹಗಲು ಹೊತ್ತಿನಲ್ಲಿ, ಪತ್ನಿಯ ಜೊತೆ ಮಾತಾಡಿ ನಿಗದಿ ಮಾಡಿದ ಮೊತ್ತವನ್ನು ಕಳುಹಿಸುವುದು ಎಂದು ತೀರ್ಮಾನವಾಯಿತು. ಅವರು ಆರಿಸಿಕೊಂಡದ್ದು ಮನೆಮಠ ಬಿಟ್ಟು ಬಂದ ನಿರಾಶ್ರಿತರನ್ನು. "ಉಳಿದವರನ್ನು ಕೈಬಿಟ್ಟ ಹಾಗಾಗಲಿಲ್ಲವೇ?" ಎಂದು ಕೇಳಿದರು. ಎಲ್ಲರನ್ನೂ ಹಿಡಿದುಕೊಂಡಿದ್ದಾಗ ಯಾರನ್ನೂ ಹಿಡಿದಿರಲಿಲ್ಲವಲ್ಲ ಎಂದೆ. ನನ್ನ ಉತ್ತರ ಅವರಿಗೆ ಒಪ್ಪಿಗೆಯಾಗಲಿಲ್ಲ. ನನಗೂ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಪ್ರಶ್ನೆಯನ್ನು ಹಾಗೆಯೇ ಬಿಟ್ಟು ಕೆಲಸ ಶುರುಮಾಡಿದೆವು.

ಗುರುವಾರದ ಎರಡು ಗಂಟೆ

ಹಣ ಸಾಕಾಗುವುದಿಲ್ಲ, ಕೈಗೂ ಏನಾದರೂ ಬೇಕು ಎಂಬುದು ಅವರದೇ ಬೇಡಿಕೆ. ನೆಲೆ ಕಳೆದುಕೊಂಡು ಬಂದವರಿಗೆ ಹೊಸ ಊರಿನ ಭಾಷೆ ಕಲಿಸುವ ಸ್ವಯಂಸೇವಕರ ಗುಂಪೊಂದನ್ನು ಹುಡುಕಿಕೊಂಡರು. ಪಾಠ ಹೇಳುವ ಆಸೆಯಿಂದ ಹೋದವರಿಗೆ ಸಿಕ್ಕಿದ್ದು ಯಾವ ದಿನ ಯಾರು ಪಾಠಕ್ಕೆ ಬರುತ್ತಾರೆಂಬ ಪಟ್ಟಿ ತಯಾರಿಸಿ, ಬಾರದವರಿಗೆ ಬದಲಿ ಹುಡುಕುವ ಕೆಲಸ. ಮೊದಲ ತಿಂಗಳು ಅವರಿಗೆ ನಿರಾಸೆಯೇ ಆಯಿತು. ಯಾರೂ ಕಣ್ಣೀರು ಹಾಕಲಿಲ್ಲ, ಧನ್ಯವಾದ ಹೇಳಲಿಲ್ಲ. ಕಲಿಯಲು ಬಂದ ಹಿರಿಯರೊಬ್ಬರು ತರಗತಿ ತಡವಾಗಿದ್ದಕ್ಕೆ ಇವರ ಮೇಲೆಯೇ ರೇಗಿದರು. ಇದನ್ನು ನನಗೆ ಹೇಳುವಾಗ ಅವರು ಬಹಳ ದಿನಗಳ ಮೇಲೆ ನಕ್ಕರು. ಪರದೆಯ ಮೇಲೆ ಕಂಡ ನಿರಾಶ್ರಿತರಲ್ಲಿ ಯಾರೂ ರೇಗಿರಲಿಲ್ಲ. ಬೇಸರ, ಕಿರಿಕಿರಿ ಶುರುವಾದಾಗಲೇ ನೊಂದವರು ಚಿತ್ರಗಳಾಗುವುದನ್ನು ಬಿಟ್ಟು ಮನುಷ್ಯರಾಗುತ್ತಾರೆ ಎಂದು ನನ್ನ ಅನುಭವ.

ಗುರುವಾರವನ್ನು ಕಾಯ್ದುಕೊಳ್ಳುವುದು ಸುಲಭವಾಗಿರಲಿಲ್ಲ. ಕಚೇರಿಯ ಅವಸರ ಅದನ್ನು ಮೂರು ಬಾರಿ ನುಂಗಿತು. 1973ರ ಒಂದು ಪ್ರಯೋಗದಲ್ಲಿ ಬ್ಯಾಟ್ಸನ್ ಮತ್ತು ಜಾನ್ ಡಾರ್ಲಿ, ಉಪನ್ಯಾಸ ಕೊಡಲು ಹೊರಟ ದೇವಶಾಸ್ತ್ರದ ವಿದ್ಯಾರ್ಥಿಗಳ ದಾರಿಯಲ್ಲಿ ನರಳುತ್ತಾ ಕುಸಿದು ಕುಳಿತ ಒಬ್ಬನನ್ನು ಇರಿಸಿದ್ದರು. ಆತುರವಿಲ್ಲದವರಲ್ಲಿ ಶೇ 63ರಷ್ಟು ಮಂದಿ ಏನಾದರೊಂದು ನೆರವು ನೀಡಿದರೆ, ತಡವಾಯಿತೆಂದು ಧಾವಿಸುತ್ತಿದ್ದವರಲ್ಲಿ ನೆರವಾದವರು ಶೇ 10 ಮಾತ್ರ. ಮನಸ್ಸಿನ ಒಳ್ಳೆಯತನಕ್ಕಿಂತ ಕೈಯಲ್ಲಿರುವ ಸಮಯವೇ ಹೆಚ್ಚು ನಿರ್ಧರಿಸಿತ್ತು. ಇದನ್ನು ಕೇಳಿದ ಮೇಲೆ ಅವರು ಗುರುವಾರ ಸಂಜೆಯನ್ನು ಕಚೇರಿಯ ಕ್ಯಾಲೆಂಡರ್‌ನಲ್ಲಿ 'ಸಭೆ' ಎಂದು ಗುರುತು ಹಾಕಿಟ್ಟರು.

ರಾತ್ರಿಯ ವ್ಯವಸ್ಥೆ ಬೇಗನೆ ಕೂಡಿಬಂತು. ಮೊಬೈಲ್ ಮಲಗುವ ಕೋಣೆಯಿಂದ ಹೊರಗೆ. ಸುದ್ದಿ ಸಂಜೆ ಇಪ್ಪತ್ತು ನಿಮಿಷ, ಓದುವುದು ಮಾತ್ರ, ವಿಡಿಯೊ ಇಲ್ಲ. ನಡುರಾತ್ರಿ ಎಚ್ಚರವಾಗಿ ದೃಶ್ಯಗಳು ಮುತ್ತಿದಾಗ ಪಾದಗಳನ್ನು ನೆಲಕ್ಕೆ ಒತ್ತಿ, ಉಸಿರನ್ನು ನಿಧಾನಿಸಿ, ಕೋಣೆಯಲ್ಲಿ ಕಾಣುವ, ಕೇಳುವ ಸಂಗತಿಗಳನ್ನು ಗಮನಿಸುವ ಅಭ್ಯಾಸವನ್ನು ಹೇಳಿಕೊಟ್ಟೆ. ಒತ್ತಡದ ನಿರ್ವಹಣೆಗಾಗಿ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಚಿತ್ರಸಹಿತ ಕೈಪಿಡಿಯ ಮೊದಲ ಪಾಠವೂ ಇದೇ. ಸಾಕ್ಷಿಯಾಗಿರುವ ಹೊಣೆಗೆ ಗುರುವಾರ ಸಿಕ್ಕಿದ್ದರಿಂದ ಈ ಸಲ ಮೊಬೈಲ್ ಬಿಡುವುದು ದ್ರೋಹವೆನಿಸಲಿಲ್ಲ.

ಮಗಳು

ಕ್ಷಮೆ ಕೇಳುವುದನ್ನು ಅವರು ಐದು ವಾರ ಮುಂದೂಡಿದರು. ಕೊನೆಗೆ ಒಂದು ದಿನ ಮಗಳ ಮಂಚದ ಅಂಚಿನಲ್ಲಿ ಕುಳಿತು, "ಆವತ್ತು ನಿನ್ನ ಮೊಣಕಾಲು ನೋಯುತ್ತಿತ್ತು, ನಾನು ನೋಡಲೇ ಇಲ್ಲ. ಅದು ನನ್ನ ತಪ್ಪು" ಎಂದರು. ಮಗಳು ಪೈಜಾಮ ಮೇಲೆತ್ತಿ ಗಾಯದ ಗುರುತು ತೋರಿಸಿದಳು. ಚರ್ಮ ಅಲ್ಲಿ ಇನ್ನೂ ಸ್ವಲ್ಪ ತಿಳಿಗೆಂಪಾಗಿತ್ತು. ಆಮೇಲೆ, "ಅಪ್ಪಾ, ಅಲ್ಲಿರುವ ಮಕ್ಕಳಿಗೆ ರಾತ್ರಿ ಲೈಟು ಇರುತ್ತಾ?" ಎಂದು ಕೇಳಿದಳು. ಅವರ ಬೆನ್ನ ಹಿಂದಿನಿಂದ ಅವಳೂ ಎಷ್ಟೋ ನೋಡಿದ್ದಳು, ಕೇಳುವ ಧೈರ್ಯವಾಗಿರಲಿಲ್ಲ. ಕೆಲವು ಕಡೆ ಇರುವುದಿಲ್ಲ, ಅವರಿಗೆ ನೆರವಾಗಲು ಅಲ್ಲೇ ತುಂಬ ಜನ ಕೆಲಸ ಮಾಡುತ್ತಿದ್ದಾರೆ, ನಾವೂ ತಿಂಗಳಿಗೊಮ್ಮೆ ಏನು ಮಾಡುತ್ತೇವೆಂದು ಬೇಕಾದರೆ ತೋರಿಸುತ್ತೇನೆ ಎಂದು ಅವರು ಉತ್ತರಿಸಿದರು. ಸುಳ್ಳು ಸಮಾಧಾನ ಹೇಳಲಿಲ್ಲ, ಬೇಡದ ವಿವರವನ್ನೂ ಕೊಡಲಿಲ್ಲ. ನಾನು ಈ ಮಾತುಗಳನ್ನು ಅವರಿಗೆ ಹೇಳಿಕೊಟ್ಟಿರಲಿಲ್ಲ.

ಏಳನೆಯ ತಿಂಗಳು

ಒಂಬತ್ತು ಭೇಟಿಗಳ ನಂತರ ನಿಯಮಿತ ಸಮಾಲೋಚನೆ ನಿಲ್ಲಿಸಿದೆವು. ಏಳನೆಯ ತಿಂಗಳಲ್ಲಿ ವಿಚಾರಿಸಲು ಕರೆ ಮಾಡಿದಾಗ, ಹಿಂದಿನ ವಾರವಷ್ಟೇ ಮತ್ತೊಂದು ದೊಡ್ಡ ದುರಂತದ ಸುದ್ದಿ ಬಂದಿತ್ತು. ಎರಡು ರಾತ್ರಿ ಹಳೆಯ ದಾರಿಗೇ ಹೋಗಿದ್ದೆ, ಹೊದಿಕೆಯೊಳಗೇ ಮೊಬೈಲ್ ಹಿಡಿದಿದ್ದೆ ಎಂದು ಅವರೇ ಹೇಳಿದರು. ಮೂರನೆಯ ರಾತ್ರಿ ಪತ್ನಿ ಎದ್ದು ಕುಳಿತರಂತೆ; ಬೈಯಲಿಲ್ಲ, "ನನಗೂ ತೋರಿಸಿ" ಎಂದರಂತೆ. ಇಬ್ಬರೂ ಒಂದು ವಿಡಿಯೊವನ್ನು ಕೊನೆಯವರೆಗೂ ನೋಡಿ ಮೊಬೈಲನ್ನು ಹೊರಗಿಟ್ಟು ಬಂದು, ತುಂಬ ಹೊತ್ತು ಕತ್ತಲಲ್ಲೇ ಮಾತಾಡುತ್ತಾ ಮಲಗಿದ್ದರಂತೆ. ಆರಿಸದೆ ಬಿಟ್ಟವರ ಬಗೆಗಿನ ಆ ಪ್ರಶ್ನೆ ಈಗಲೂ ಕಾಡುತ್ತದೆಯೇ ಎಂದು ಕೇಳಿದೆ. ಕಾಡುತ್ತದೆ ಎಂದರು. ಇನ್ನೂ ಏನೋ ಕೇಳಬೇಕೆಂದಿದ್ದೆ, ಆದರೆ ಅಂದು ಗುರುವಾರ. ಪಾಠಕ್ಕೆ ಬರಬೇಕಾದ ಇಬ್ಬರು ಬರುವುದಿಲ್ಲವೆಂದು ತಿಳಿಸಿದ್ದರಿಂದ ಬದಲಿಯವರಿಗೆ ಫೋನ್ ಮಾಡಬೇಕಿದೆ ಎಂದು ಹೇಳಿ ಅವರು ಕರೆ ಮುಗಿಸಿದರು.